ಅಣ್ಣ ಮನೆಗೆ ಬಂದರೆ ಯಾವ ತಟ್ಟೆ? ಅಲಾಸ್ಕಾದ ಒಂದು ರಷ್ಯನ್ ಊರು ಎರಡಾದ ಪ್ರಕರಣ

ಆ ಊರಿನ ಅಡುಗೆಮನೆಗಳಲ್ಲಿ ಎರಡು ಥರದ ಪಾತ್ರೆ ಇರುತ್ತಿದ್ದವು. ಒಂದು ಮನೆಯವರಿಗೆ, ಇನ್ನೊಂದು ಹೊರಗಿನವರಿಗೆ. ಶಾಲೆಯ ಮೇಷ್ಟ್ರು ಬರಲಿ, ಮೀನು ಕೊಳ್ಳುವವನು ಬರಲಿ, ಊಟಕ್ಕೆ ಕೂರಿಸದೆ ಕಳಿಸುತ್ತಿರಲಿಲ್ಲ. ಹೊಟ್ಟೆ ತುಂಬ ಬಡಿಸುತ್ತಿದ್ದರು. ಆದರೆ ಆ ತಟ್ಟೆ, ಆ ಲೋಟ ಬೇರೆ. ತೊಳೆಯುವುದೂ ಬೇರೆ, ಇಡುವುದೂ ಬೇರೆ. ನಾವಾದರೆ ಇದನ್ನು ಮಡಿ ಅಂತ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಅವರು ಹೊರಗಿನವನನ್ನು 'ಮಿರ್‌ಸ್ಕೊಯ್' ಅನ್ನುತ್ತಾರೆ. ಲೋಕದವನು, ಲೌಕಿಕದವನು ಅಂತ ಅರ್ಥ. ಅವನ ಜೊತೆ ಒಂದೇ ತಟ್ಟೆಯಲ್ಲಿ ಉಂಡರೆ ನಾವೂ ಲೋಕದವರಾಗಿಬಿಡುತ್ತೇವೆ. ಆಮೇಲೆ ಪ್ರಾಯಶ್ಚಿತ್ತ ಮಾಡಿಕೊಂಡೇ ಒಳಗೆ ಬರಬೇಕು.

1980ರ ದಶಕದ ಆರಂಭದಲ್ಲಿ ಈ ಪಾತ್ರೆಗಳ ಮುಂದೆ ಹೊಸ ಪ್ರಶ್ನೆಯೊಂದು ಬಂದು ನಿಂತಿತು. ಒಡಹುಟ್ಟಿದ ಅಣ್ಣ ಮನೆಗೆ ಬಂದರೆ ಯಾವ ತಟ್ಟೆ ಇಡಬೇಕು?

ಊರಿನ ಹೆಸರು ಬರೆಯುವುದಿಲ್ಲ. ಅಮೆರಿಕದ ರಷ್ಯನ್ನರ ಬಗ್ಗೆ ಸ್ವಲ್ಪ ಓದಿದವರಿಗೆ ಇನ್ನೆರಡು ಪ್ಯಾರಾದಲ್ಲಿ ಗೊತ್ತಾಗಿಬಿಡುತ್ತದೆ, ಅದು ಬೇರೆ ಮಾತು. ಮನೆತನಗಳ ಹೆಸರು, ಹಿರಿಯರ ಹೆಸರನ್ನಂತೂ ಹಾಕುವುದಿಲ್ಲ. ಜಗಳ ಆಡಿದವರ ಮಕ್ಕಳು, ಮೊಮ್ಮಕ್ಕಳು ಇವತ್ತೂ ಅದೇ ಸೀಮೆಯಲ್ಲಿ ಬದುಕುತ್ತಿದ್ದಾರೆ. ಗಾಯ ಪೂರ್ತಿ ಮಾಗಿಲ್ಲ.

ರಷ್ಯಾ-ಅಮೆರಿಕ ಸಂಬಂಧ ಅಂದ ಕೂಡಲೇ ನಮಗೆ ಕ್ಷಿಪಣಿ, ಗೂಢಚಾರರು, ಇಲ್ಲವೇ ನ್ಯೂಯಾರ್ಕಿನ ಬ್ರೈಟನ್ ಬೀಚ್‌ನ ರಷ್ಯನ್ ಅಂಗಡಿಗಳು ನೆನಪಾಗುತ್ತವೆ. ಈ ಊರಿನ ಕತೆ ಅವೆಲ್ಲದರ ಪಕ್ಕದಲ್ಲಿ ನಡೆದದ್ದು. 300 ವರ್ಷ ಅಟ್ಟಿಸಿಕೊಂಡು ಓಡಿದ ಜನ ಇವರು. ಯಾರೂ ಅಟ್ಟಿಸಿಕೊಂಡು ಬರದ ಜಾಗ ಕೊನೆಗೂ ಸಿಕ್ಕಿತು. ಸಿಕ್ಕಿ 15 ವರ್ಷದಲ್ಲಿ ಒಡೆದುಹೋದರು. ಯಾಕೆ ಅನ್ನುವುದೇ ನನ್ನ ಕುತೂಹಲ.

ಎರಡು ಬೆರಳು, ಮೂರು ಬೆರಳು

ಕತೆ ಶುರುವಾಗುವುದು ಮಾಸ್ಕೋದಲ್ಲಿ. 1652ರಲ್ಲಿ ನಿಕಾನ್ ಎಂಬಾತ ರಷ್ಯನ್ ಆರ್ಥೊಡಾಕ್ಸ್ ಚರ್ಚಿನ ಮುಖ್ಯಸ್ಥನಾದ. (ಕ್ಯಾಮೆರಾಕ್ಕೂ ಇವನಿಗೂ ಸಂಬಂಧವಿಲ್ಲ.) ಗ್ರೀಕರ ಪದ್ಧತಿಗೆ ಸರಿಹೊಂದಲಿ ಅಂತ ಪೂಜೆಯ ಕ್ರಮಗಳನ್ನು ತಿದ್ದಿದ. ಶಿಲುಬೆಯ ಗುರುತು ಹಾಕಿಕೊಳ್ಳಲು ಎರಡು ಬೆರಳಿನ ಬದಲು ಮೂರು ಬೆರಳು. 'ಅಲ್ಲೆಲೂಯ' ಎರಡು ಸಲ ಹೇಳುತ್ತಿದ್ದದ್ದು ಮೂರು ಸಲ. ಯೇಸುವಿನ ಹೆಸರಿಗೆ ಒಂದು ಅಕ್ಷರ ಜಾಸ್ತಿ. ಚರ್ಚಿನ ಸುತ್ತ ಮೆರವಣಿಗೆ ಸೂರ್ಯನ ದಿಕ್ಕಿಗೆ ಬದಲು ಎದುರು ದಿಕ್ಕಿಗೆ.

ಇಷ್ಟಕ್ಕೇನಾ ಅಂತ ಅನ್ನಿಸಬಹುದು. ಆದರೆ ಓದು ಬರಹ ಇಲ್ಲದ ಮನುಷ್ಯನಿಗೆ ಧರ್ಮ ಅಂದರೆ ಕೈ ಮಾಡುವ ಕೆಲಸವೇ ಅಲ್ವಾ? ಅಜ್ಜ ಕಲಿಸಿದ ಬೆರಳಿನ ಮುದ್ರೆ ತಪ್ಪು ಅಂದರೆ ಅಜ್ಜ ಸತ್ತು ಎಲ್ಲಿಗೆ ಹೋದ? 1666-67ರ ಧರ್ಮಸಭೆ ಹಳೆಯ ಕ್ರಮಗಳಿಗೆ ಶಾಪ ಹಾಕಿತು. ಒಪ್ಪದವರ ಮುಂದಾಳಾಗಿದ್ದ ಅವ್ವಕುಮ್ ಎಂಬ ಪಾದ್ರಿಯನ್ನು 1682ರಲ್ಲಿ ಜೀವಂತ ಸುಟ್ಟರು. ಒಪ್ಪದೆ ಉಳಿದವರಿಗೆ 'ಸ್ತಾರೊವೆರಿ' ಎಂಬ ಹೆಸರು ಬಂತು. ಹಳೇ ನಂಬಿಕೆಯವರು ಅಂತ. ಸೈಬೀರಿಯಾದ ಕಾಡು, ಅಲ್ತಾಯ್ ಬೆಟ್ಟ, ಎಲ್ಲಿ ಸರ್ಕಾರದ ಕೈ ಮುಟ್ಟುವುದಿಲ್ಲವೋ ಅಲ್ಲಿಗೆ ಹೋದರು. ಗಡ್ಡ ಬಿಟ್ಟವರಿಗೆ ದೊರೆ ಪೀಟರ್ ತೆರಿಗೆ ಹಾಕಿದಾಗಲೂ ಗಡ್ಡ ತೆಗೆಯಲಿಲ್ಲ.

ಒಂದು ತೊಡಕು ಮೊದಲ ದಿನದಿಂದಲೇ ಇತ್ತು. ನಮ್ಮ ಪ್ರಕರಣಕ್ಕೆ ಬೀಜ ಅದೇ. ಆ ಧರ್ಮದಲ್ಲಿ ಪಾದ್ರಿಯನ್ನು ಮಾಡುವ ಅಧಿಕಾರ ಬಿಷಪ್‌ಗೆ ಮಾತ್ರ. ಹಳೇ ನಂಬಿಕೆಯವರ ಜೊತೆ ಬಿಷಪ್ ಯಾರೂ ಉಳಿಯಲಿಲ್ಲ. ಇದ್ದ ಪಾದ್ರಿಗಳು ಮುದುಕರಾಗಿ ಸತ್ತರು. ಮುಂದೆ? ಕೆಲವರು ಪಾದ್ರಿ ಯುಗವೇ ಮುಗಿಯಿತು ಅಂದರು. ಕೆಲವರು ಸರ್ಕಾರಿ ಚರ್ಚಿನಿಂದ ಓಡಿಬಂದ ಪಾದ್ರಿಗಳನ್ನು ಗುಟ್ಟಾಗಿ ಇಟ್ಟುಕೊಂಡರು. ನಮ್ಮ ಊರಿನವರ ಹಿರೀಕರು ಈ ಎರಡನೇ ಗುಂಪಿನವರು. 19ನೇ ಶತಮಾನದಲ್ಲಿ ದೊರೆ ಮೊದಲನೇ ನಿಕೊಲಾಸ್ ಓಡಿಬರುವ ದಾರಿಯನ್ನೂ ಮುಚ್ಚಿಸಿದ. ಆಗ ಊರಲ್ಲೇ ಓದು ಬಲ್ಲ ಒಬ್ಬ ಹಿರಿಯನನ್ನು ಆರಿಸಿ ಪ್ರಾರ್ಥನೆ ನಡೆಸಲು ಬಿಟ್ಟರು. ಅವನು ಮಗುವಿಗೆ ದೀಕ್ಷಾಸ್ನಾನ ಮಾಡಿಸಬಹುದು, ಮದುವೆ ನಡೆಸಬಹುದು, ಸತ್ತವರನ್ನು ಮಣ್ಣು ಮಾಡಬಹುದು. ಪ್ರಸಾದ ಕೊಡುವ ಹಾಗಿಲ್ಲ. ಅದು ಪಾದ್ರಿಗೆ ಮಾತ್ರ.

ಗಮನಿಸಿ, ಇವರು ಪಾದ್ರಿ ಬೇಡ ಅಂದವರಲ್ಲ. ಇವರಿಗೆ ಪಾದ್ರಿ ಸಿಗಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಸಿಗದೇ ಇದ್ದಾಗ ಸಿಗದಿದ್ದದ್ದೇ ಸಂಪ್ರದಾಯವಾಗುತ್ತದೆ.

ಹರ್ಬಿನ್, ಹಾಂಗ್‌ಕಾಂಗ್, ಬ್ರೆಜಿಲ್

1917ರ ಕ್ರಾಂತಿ, ಅದರ ಮೇಲೆ ಸಾಮೂಹಿಕ ಬೇಸಾಯದ ಹೊಡೆತ. ಸೋವಿಯತ್ ಗಡಿ ದಾಟಿ ಇವರು ಚೀನಾಕ್ಕೆ ಹೋದರು. ಪೂರ್ವದವರು ಹರ್ಬಿನ್ ಪಟ್ಟಣವಿರುವ ಮಂಚೂರಿಯಕ್ಕೆ, ಅಲ್ತಾಯ್ ಕಡೆಯವರು ಷಿನ್‌ಜಿಯಾಂಗ್‌ಗೆ. ಇವತ್ತೂ ಒಬ್ಬರನ್ನೊಬ್ಬರು 'ಹರ್ಬಿನ್‌ನವರು', 'ಷಿನ್‌ಜಿಯಾಂಗ್‌ನವರು' ಅಂತಲೇ ಕರೆಯುತ್ತಾರೆ. ಮಂಚೂರಿಯದ ಹಳ್ಳಿಯೊಂದರ ಗಂಡಸರು ಮೃಗಾಲಯಗಳಿಗೆ ಮಾರಲು ಹುಲಿಗಳನ್ನು ಜೀವಂತ ಹಿಡಿಯುವುದರಲ್ಲಿ ಹೆಸರು ಮಾಡಿದ್ದರು. 1945ರಲ್ಲಿ ಸೋವಿಯತ್ ಸೇನೆ ಮಂಚೂರಿಯಕ್ಕೆ ಬಂದಾಗ ಗಂಡಸರನ್ನು ಹಿಡಿದು ಶಿಬಿರಗಳಿಗೆ ಸಾಗಿಸಿತು. ನಾಲ್ಕು ವರ್ಷದಲ್ಲಿ ಚೀನಾವೂ ಕಮ್ಯುನಿಸ್ಟ್ ಆಯಿತು.

1950ರ ದಶಕದ ಕೊನೆಯಲ್ಲಿ ಹಾಂಗ್‌ಕಾಂಗ್ ದಾರಿಯಾಗಿ ಹೊರಟರು. ನಿರಾಶ್ರಿತರ ಸಂಸ್ಥೆಗಳು, ಚರ್ಚುಗಳ ಒಕ್ಕೂಟ ಹಡಗಿನ ಖರ್ಚು ನೋಡಿಕೊಂಡವು. ಬಹಳ ಜನ ಬ್ರೆಜಿಲ್‌ನ ಪರಾನಾ ರಾಜ್ಯ ಸೇರಿದರು. ದಾರಿಯಲ್ಲಿ ಹಡಗು ಲಾಸ್ ಏಂಜಲೀಸ್‌ನಲ್ಲಿ ನಿಂತಿತ್ತು. ಅಲ್ಲಿ ಮೊಲೊಕನ್ನರು ಇದ್ದರು. 20ನೇ ಶತಮಾನದ ಆರಂಭದಲ್ಲೇ ಅಮೆರಿಕಕ್ಕೆ ಬಂದಿದ್ದ ಇನ್ನೊಂದು ರಷ್ಯನ್ ಪಂಥದವರು. ರಷ್ಯನ್ ಮಾತಾಡುವ ಗಡ್ಡದವರು ಬಂದಿದ್ದಾರಂತೆ ಅಂತ ಕೇಳಿ ಬಂದರಿಗೆ ಬಂದು ಮಾತಾಡಿಸಿದರು, ವಿಳಾಸ ಕೊಟ್ಟರು. ನನ್ನ ಮಟ್ಟಿಗೆ ಈ ಪ್ರಕರಣದ ಮೊದಲ ತಿರುವು ಅದು. ಬ್ರೆಜಿಲ್‌ನ ಮಣ್ಣು ಕೈ ಹಿಡಿಯದಿದ್ದಾಗ ಬರೆಯಲು ಒಂದು ವಿಳಾಸ ಇತ್ತು. 1964ರ ಹೊತ್ತಿಗೆ ಮೊದಲ ಕುಟುಂಬಗಳು ಅಮೆರಿಕದ ಆರೆಗಾನ್ ರಾಜ್ಯದ ವುಡ್‌ಬರ್ನ್ ಸುತ್ತಮುತ್ತ ಬಂದಿಳಿದವು. ಟರ್ಕಿಯಿಂದ ನ್ಯೂಜೆರ್ಸಿಗೆ ಬಂದಿದ್ದ ಇನ್ನೊಂದು ಗುಂಪೂ ಅಲ್ಲಿಗೇ ಬಂದು ಸೇರಿತು.

ಸಮಸ್ಯೆ: ಎಲ್ಲವೂ ಚೆನ್ನಾಗಿತ್ತು

ಆರೆಗಾನ್‌ನಲ್ಲಿ ಕೆಲಸಕ್ಕೆ ಕೊರತೆ ಇರಲಿಲ್ಲ. ಸ್ಟ್ರಾಬೆರಿ, ರಾಸ್ಪ್‌ಬೆರಿ ತೋಟಗಳಲ್ಲಿ ಕುಟುಂಬ ಸಮೇತ ಕೊಯ್ಯಬಹುದು. ಚಳಿಗಾಲಕ್ಕೆ ಮರದ ಕಾರ್ಖಾನೆ ಇತ್ತು. ಪೊಲೀಸರು ಬಾಗಿಲು ತಟ್ಟುತ್ತಿರಲಿಲ್ಲ. ಬಾಗಿಲಿಂದ ಒಳಗೆ ಬಂದದ್ದು ಟಿವಿ. ಜೊತೆಗೆ ಶಾಲೆ, ಶಾಲೆಯ ಗೆಳೆಯರು, ಗಿಡ್ಡ ಲಂಗ, ಸಿಗರೇಟು. ಅದು 1960ರ ದಶಕದ ಅಮೆರಿಕ. ಮೈಮೇಲೆ ರಷ್ಯನ್ ಅಂಗಿ, ಸೊಂಟಕ್ಕೆ ದೀಕ್ಷೆಯ ದಿನ ಕಟ್ಟಿದ ನೇಯ್ದ ದಾರದ ಪಟ್ಟಿ. ಹೀಗೆ ಶಾಲೆಗೆ ಹೋಗುವ ಹುಡುಗ ಸಂಜೆ ಏನು ಯೋಚಿಸುತ್ತಾ ಮನೆಗೆ ಬರುತ್ತಾನೆ ಅಂತ ಊಹಿಸಬಹುದು.

ಹಿಂಸೆಯ ವಿರುದ್ಧ ಇವರಿಗೆ ಒಂದು ಮದ್ದು ಗೊತ್ತಿತ್ತು: ಮುಂದಿನ ಕಾಡಿಗೆ ಹೋಗುವುದು. ಆಸೆಗೂ ಅದೇ ಮದ್ದು ಕುಡಿಸಿ ನೋಡೋಣ ಅಂತ ಕೆಲವರು ತೀರ್ಮಾನಿಸಿದರು. ಎಲ್ಲರೂ ಒಪ್ಪಲಿಲ್ಲ. ಬಹುತೇಕರು ಆರೆಗಾನ್‌ನಲ್ಲೇ ಉಳಿದರು. ಹೊರಟವರು ಬೆರಳೆಣಿಕೆಯ ಕುಟುಂಬಗಳು. 1967ರಲ್ಲಿ ಕೆಲವರು ಅಲಾಸ್ಕಾಕ್ಕೆ ಹೋಗಿ ಜಾಗ ನೋಡಿಕೊಂಡು ಬಂದರು. ಟಾಲ್‌ಸ್ಟಾಯ್ ಫೌಂಡೇಶನ್ ನೆರವಿಗೆ ನಿಂತಿತು. ಲಿಯೊ ಟಾಲ್‌ಸ್ಟಾಯ್ ಅವರ ಮಗಳು ಅಲೆಕ್ಸಾಂಡ್ರಾ 1939ರಲ್ಲಿ ಅಮೆರಿಕದಲ್ಲಿ ಕಟ್ಟಿದ ಸಂಸ್ಥೆ ಅದು. ಅಪ್ಪನನ್ನು 1901ರಲ್ಲಿ ರಷ್ಯನ್ ಚರ್ಚು ಹೊರಗೆ ಹಾಕಿತ್ತು. ಅದೇ ಚರ್ಚು ಶಪಿಸಿದ ಜನರಿಗೆ ಮಗಳ ಸಂಸ್ಥೆ ಜಮೀನು ಕೊಡಿಸಲು ಓಡಾಡಿತು. ಕೀನಾಯ್ ಪರ್ಯಾಯ ದ್ವೀಪದಲ್ಲಿ, ಹೆದ್ದಾರಿಯಿಂದ ಒಳಗೆ, 640 ಎಕರೆ ಕಾಡು. 1968ರ ಬೇಸಿಗೆಯಲ್ಲಿ ಐದು ಕುಟುಂಬಗಳು ಡೇರೆ ಹಾಕಿ ಮರ ಕಡಿಯಲು ಶುರುಮಾಡಿದವು. ಅವರ ಚರ್ಚಿನ ಲೆಕ್ಕದಲ್ಲಿ ಅದು ಲೋಕ ಹುಟ್ಟಿದ 7476ನೇ ವರ್ಷ.

ಅವರು ಆರಿಸಿದ ನೆಲವೂ ಸುಮ್ನೆ ಯಾವುದೋ ನೆಲ ಆಗಿರಲಿಲ್ಲ. ನೂರು ವರ್ಷದ ಹಿಂದೆ ಅದು ರಷ್ಯಾದ್ದೇ. 1784ರಲ್ಲಿ ಕೊಡಿಯಾಕ್ ದ್ವೀಪದಲ್ಲಿ ತುಪ್ಪಳದ ವ್ಯಾಪಾರಿಗಳು ಮೊದಲ ನೆಲೆ ಹೂಡಿದರು. 1791ರಲ್ಲಿ ಕೀನಾಯ್‌ನಲ್ಲೇ ಸಂತ ನಿಕೊಲಾಸ್ ಹೆಸರಿನ ಕೋಟೆ ಎದ್ದಿತು. 1799ರಲ್ಲಿ ರಷ್ಯನ್-ಅಮೆರಿಕನ್ ಕಂಪನಿಗೆ ದೊರೆ ಸನದು ಕೊಟ್ಟ. 1867ರ ಮಾರ್ಚ್ 30ರಂದು ಇಡೀ ಅಲಾಸ್ಕಾ 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಾಟವಾಯಿತು. ಧ್ವಜ ಇಳಿಯಿತು, ಚರ್ಚುಗಳು ಉಳಿದವು. ಕರಾವಳಿಯ ಅಲ್ಯೂಟ್, ಅಲೂಟಿಕ್, ದೆನೈನಾ ಎಂಬ ಮೂಲನಿವಾಸಿ ಜನ ಆ ಹೊತ್ತಿಗೆ ಆರ್ಥೊಡಾಕ್ಸ್ ಆಗಿದ್ದರು. ಈಗಲೂ ಎಷ್ಟೋ ಜನ ಆಗಿದ್ದಾರೆ. ನಮ್ಮ ಊರಿನ ಉತ್ತರಕ್ಕೆ, ಅದೇ ಕರಾವಳಿಯಲ್ಲಿ ನಿನಿಲ್ಚಿಕ್ ಎಂಬ ಊರಿದೆ. ಕಂಪನಿಯ ನಿವೃತ್ತ ನೌಕರರು 1840ರ ದಶಕದಲ್ಲಿ ಬಂದು ನೆಲೆ ನಿಂತ ಜಾಗ. ಅವರ ಮೊಮ್ಮಕ್ಕಳು, ಮರಿಮಕ್ಕಳು ತಮ್ಮದೇ ಒಂದು ಥರದ ರಷ್ಯನ್ ಮಾತಾಡುತ್ತಿದ್ದರು. ಭಾಷಾತಜ್ಞರು ಅದನ್ನು ದಾಖಲಿಸುವ ಹೊತ್ತಿಗೆ ಆಡುವವರು ಕೆಲವೇ ಮುದುಕರು.

ಈರುಳ್ಳಿ ಗುಮ್ಮಟದ ಚರ್ಚು, ರಷ್ಯನ್ ಹೆಸರಿನ ಊರು, ರಷ್ಯನ್ ಮಾತಾಡುವ ಮುದುಕರು, ಎಲ್ಲ ಕಾರಿನ ದೂರದಲ್ಲೇ ಇದ್ದರು. ಹೊಸಬರಿಗೆ ಅವುಗಳಿಂದ ಉಪಯೋಗವಿರಲಿಲ್ಲ. ಆ ಚರ್ಚುಗಳಲ್ಲಿ ಮೂರು ಬೆರಳು. ಆ ಮುದುಕರೂ ಹೊರಗಿನ ತಟ್ಟೆಯವರೇ. ಪ್ರವಾಸಿ ಕಂಪನಿಗಳು ಆ ಹಳಬರನ್ನೂ ಈ ಹೊಸಬರನ್ನೂ 'ರಷ್ಯನ್ ಅಲಾಸ್ಕಾ' ಅಂತ ಒಂದೇ ಬುಟ್ಟಿಗೆ ಹಾಕುವುದನ್ನು ನೋಡಿದಾಗ ನನಗೆ ನಗು ಬರುತ್ತದೆ.

ಮೊದಲ ಹದಿನೈದು ವರ್ಷದಲ್ಲಿ ಮಾಡಿದ್ದು

ಬೇಸಾಯದಿಂದ ಹೊಟ್ಟೆ ತುಂಬುವ ಜಾಗ ಅಲ್ಲ ಅದು. ಮನೆ ಮಟ್ಟಿಗೆ ಆಲೂಗಡ್ಡೆ, ಎಲೆಕೋಸು ಬೆಳೆಯಬಹುದು ಅಷ್ಟೆ. ಗಂಡಸರು ಮೊದಲು ಮೀನು ಡಬ್ಬಿ ಮಾಡುವ ಕಾರ್ಖಾನೆಗಳಿಗೆ ಕೂಲಿಗೆ ಹೋದರು. ಆಮೇಲೆ ಹತ್ತಿರದ ಹೋಮರ್ ಪಟ್ಟಣದಲ್ಲಿ ಫೈಬರ್‌ಗ್ಲಾಸ್ ದೋಣಿ ಮಾಡುವ ಕೆಲಸ ಸಿಕ್ಕಿತು. ಮರಗೆಲಸ ರಕ್ತದಲ್ಲೇ ಇದ್ದ ಜನ. ಬೇಗ ಕಲಿತು ತಮ್ಮ ಊರಲ್ಲೇ ದೋಣಿ ಕಟ್ಟಲು ಕೂತರು. ಕಟ್ಟಿದ್ದನ್ನು ಮಾರುವುದಕ್ಕಿಂತ ತಾವೇ ಕಡಲಿಗಿಳಿಸುವುದು ಲಾಭ ಅಂತ ಗೊತ್ತಾಯಿತು. ಕಡಲನ್ನೇ ಕಾಣದ ಸೈಬೀರಿಯಾದ ರೈತರ ಮೊಮ್ಮಕ್ಕಳು ಹತ್ತು ವರ್ಷದಲ್ಲಿ ಸಾಲ್ಮನ್, ಹ್ಯಾಲಿಬಟ್ ಹಿಡಿಯುವ ಪಳಗಿದ ಮೀನುಗಾರರಾದರು.

ಮೀನಿನ ಹಿಂದೆಯೇ ಕಾಗದಪತ್ರ ಬಂತು. ಅಲಾಸ್ಕಾ ಸರ್ಕಾರ 1973ರಲ್ಲಿ ವ್ಯಾಪಾರಿ ಮೀನುಗಾರಿಕೆಗೆ ಪರವಾನಗಿಗಳ ಸಂಖ್ಯೆಗೆ ಮಿತಿ ಹಾಕಿತು. ಹೊಸಬರು ಇದ್ದವರಿಂದ ಕೊಂಡುಕೊಳ್ಳಬೇಕು. 5 ಟನ್ ಮೀರಿದ ದೋಣಿಯನ್ನು ಒಕ್ಕೂಟ ಸರ್ಕಾರದಲ್ಲಿ ನೋಂದಾಯಿಸಲು ಒಡೆಯ ಅಮೆರಿಕದ ಪ್ರಜೆ ಆಗಿರಬೇಕು. ಮೂರು ಖಂಡ ಸುತ್ತಿ ಬಂದಿದ್ದ ಹಿರಿಯರು 1975ರಲ್ಲಿ ಪಕ್ಕದ ಊರಿನ ಶಾಲೆಯಲ್ಲಿ ಸಾಲಾಗಿ ನಿಂತು ಅಮೆರಿಕದ ಪ್ರಜೆಗಳಾದರು. ಉದ್ದನೆಯ ಗಡ್ಡ, ಕಸೂತಿ ಅಂಗಿ, ತಲೆಗೆ ವಸ್ತ್ರ. ಕೈಯಲ್ಲಿ ಪ್ರಮಾಣಪತ್ರ.

ಇದು ಎರಡನೇ ತಿರುವು. ಸರ್ಕಾರ ಅಂದರೆ ಕ್ರಿಸ್ತವಿರೋಧಿಯ ಕೈ ಅಂತ ನಂಬಿದ ಪರಂಪರೆಯವರು ಒಂದು ಸರ್ಕಾರದ ಜೊತೆ ಒಪ್ಪಂದಕ್ಕೆ ಬಂದರು. ಊರಿಗೆ ಸರ್ಕಾರಿ ಶಾಲೆ ಬಂತು. ಶಾಲೆಯವರೂ ಸ್ವಲ್ಪ ಬಗ್ಗಿದರು. ಹಳೇ ನಂಬಿಕೆಯವರಿಗೆ ಭಾನುವಾರ ಬಿಟ್ಟು ವರ್ಷಕ್ಕೆ ಸುಮಾರು 40 ಹಬ್ಬ. ಕ್ಯಾಲೆಂಡರ್ 13 ದಿನ ಹಿಂದೆ, ಹಾಗಾಗಿ ಕ್ರಿಸ್‌ಮಸ್ ಜನವರಿ 7ಕ್ಕೆ. ಶಾಲೆಯ ರಜೆಗಳನ್ನು ಇದಕ್ಕೆ ಹೊಂದಿಸಿದರು. ರಷ್ಯನ್ ಪಾಠವೂ ಶುರುವಾಯಿತು.

ಹಬ್ಬಗಳು ಇನ್ನೊಂದು ಕಡೆ ಕೈ ಕಚ್ಚುತ್ತಿದ್ದವು. ಸಾಲ್ಮನ್ ಯಾವ ದಿನ ಹಿಡಿಯಬೇಕು ಅನ್ನುವುದನ್ನು ಸರ್ಕಾರ ಹೇಳುತ್ತದೆ. ಬೇಸಿಗೆಯ ಆ ಕೆಲವು ವಾರಗಳಲ್ಲೇ ವರ್ಷದ ಸಂಪಾದನೆ. ಅದೇ ದಿನ ಹಬ್ಬ ಬಿದ್ದರೆ ಬಲೆ ಮುಟ್ಟುವ ಹಾಗಿಲ್ಲ. ಎದುರಿಗೇ ಮೀನು ಹೋಗುತ್ತಿರುತ್ತದೆ, ಸಾಲದ ಕಂತು ತಲೆ ಮೇಲಿರುತ್ತದೆ. ಧರ್ಮಶ್ರದ್ಧೆಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಮಾಸ್ಕೋದ ದೊರೆಗಳೂ ಇಟ್ಟಿರಲಿಲ್ಲವೇನೋ.

ಮದುವೆಯದ್ದು ಇನ್ನೊಂದು ಫಜೀತಿ. ಬಹಳ ದೂರದವರೆಗೂ ಲೆಕ್ಕ ಹಾಕಿ ರಕ್ತಸಂಬಂಧ ನೋಡುತ್ತಾರೆ. ಅದರ ಮೇಲೆ ದೀಕ್ಷೆಯ ವೇಳೆ ಮಗುವನ್ನು ಎತ್ತಿಕೊಂಡ ಧರ್ಮತಾಯಿ, ಧರ್ಮತಂದೆಯರ ಕಡೆಯ ಸಂಬಂಧವೂ ನಿಷಿದ್ಧ. ಸಗೋತ್ರಕ್ಕಿಂತ ಬಿಗಿ. ಐದು ಕುಟುಂಬದಿಂದ ಬೆಳೆದ ಊರಲ್ಲಿ ಹೆಣ್ಣು ಗಂಡು ಸಿಗುವುದು ಕಷ್ಟ. ಹಾಗಾಗಿ ಆರೆಗಾನ್, ಕೆನಡಾದ ಆಲ್ಬರ್ಟಾ, ಬ್ರೆಜಿಲ್, ಆಸ್ಟ್ರೇಲಿಯಾದವರೆಗೂ ನಂಟು ಬೆಳೆಯಿತು. ಏಕಾಂತ ಬೇಕು ಅಂತ ಕಾಡಿಗೆ ಬಂದವರು ಭೂಗೋಳವೆಲ್ಲ ಬೀಗರನ್ನು ಮಾಡಿಕೊಂಡರು. ಬೀಗರ ಜೊತೆ ಸುದ್ದಿಯೂ ಬಂತು.

ರುಮೇನಿಯಾಕ್ಕೆ ಹೋದವರು

ಆ ಸುದ್ದಿಯಲ್ಲೊಂದು, ಹಳೇ ನಂಬಿಕೆಯವರಲ್ಲೂ ಪಾದ್ರಿ ಇದ್ದಾರೆ, ಬಿಷಪ್ ಕೂಡ ಇದ್ದಾರೆ ಅನ್ನುವುದು. ಪೂರ್ತಿ ಹೊಸದಲ್ಲ. 1846ರಲ್ಲಿ ಆಸ್ಟ್ರಿಯಾ ಸಾಮ್ರಾಜ್ಯದ ಬೆಲಾಯಾ ಕ್ರಿನಿತ್ಸಾ ಎಂಬ ಹಳ್ಳಿಯಲ್ಲಿ ಅಂಬ್ರೋಸ್ ಎಂಬ ಗ್ರೀಕ್ ಬಿಷಪ್ ಹಳೇ ನಂಬಿಕೆಗೆ ಸೇರಿದ್ದ. ಅವನಿಂದ ಹೊಸ ಬಿಷಪ್‌ಗಳ ಸಾಲು ಶುರುವಾಗಿತ್ತು. 20ನೇ ಶತಮಾನದಲ್ಲಿ ಆ ಪೀಠ ರುಮೇನಿಯಾದ ಬ್ರೈಲಾ ಪಟ್ಟಣಕ್ಕೆ ಹೋಯಿತು. ಸೈಬೀರಿಯಾದಲ್ಲಿದ್ದಾಗ, ಚೀನಾದಲ್ಲಿದ್ದಾಗ ಇದು ಬಹಳ ದೂರದ ಮಾತು. ಅಲಾಸ್ಕಾದಲ್ಲಿ ಕೈಯಲ್ಲಿ ಪಾಸ್‌ಪೋರ್ಟ್ ಇತ್ತು, ಮೀನಿನ ದುಡ್ಡಿತ್ತು, ವಿಮಾನವಿತ್ತು.

ಊರಿನ ಕೆಲವರು ಹಳೆಯ ಪುಸ್ತಕಗಳನ್ನು ಮತ್ತೆ ಓದಲು ಕೂತರು. ಓದಿದಷ್ಟೂ ಒಂದು ಮಾತು ಚುಚ್ಚಿತು. ಪಾದ್ರಿ ಇಲ್ಲದೆ ಚರ್ಚು ಪೂರ್ಣವಲ್ಲ. ಪ್ರಸಾದವಿಲ್ಲದೆ ಸಾಯುವವನ ಗತಿ ಏನು? ನಮ್ಮ ತಾತಂದಿರು ಪಾದ್ರಿ ಬೇಡ ಅಂದಿರಲಿಲ್ಲ, ಸಿಗಲಿಲ್ಲ ಅಷ್ಟೆ. ಈಗ ಸಿಗುವ ಹಾಗಿದ್ದರೆ ತಗೊಳ್ಳದೆ ಇರುವುದು ತಪ್ಪಲ್ಲವೇ?

ಎದುರು ವಾದವೂ ಪೊಳ್ಳಾಗಿರಲಿಲ್ಲ. ಅಂಬ್ರೋಸ್ ಬಂದದ್ದು ಮೂರು ಬೆರಳಿನ ಚರ್ಚಿನಿಂದ. ಅವನ ದೀಕ್ಷಾಸ್ನಾನದಲ್ಲಿ ಮೂರು ಸಲ ನೀರಲ್ಲಿ ಮುಳುಗಿಸಿದ್ದರೋ, ಸುಮ್ನೆ ತಲೆಗೆ ನೀರು ಸುರಿದಿದ್ದರೋ ಎಂಬ ಗುಮಾನಿ ಅವತ್ತಿನಿಂದಲೂ ಇತ್ತು. ಸುರಿದದ್ದಾದರೆ ಅದು ದೀಕ್ಷೆಯೇ ಅಲ್ಲ. ಇನ್ನೊಂದು: ಬಿಷಪ್‌ನನ್ನು ಮಾಡಲು ಕನಿಷ್ಠ ಇಬ್ಬರು ಬಿಷಪ್ ಬೇಕು ಅಂತ ನಿಯಮ. ಅಂಬ್ರೋಸ್ ಒಬ್ಬನೇ ಮಾಡಿದ. ಬುಡವೇ ಸರಿಯಿಲ್ಲದ ಮರದ ಹಣ್ಣು ನಮಗೆ ಬೇಡ, ಇಷ್ಟು ದಿನ ಇಲ್ಲದೆ ಬದುಕಿದ್ದೇವೆ, ಮುಂದೂ ಬದುಕುತ್ತೇವೆ. ಇದು ಇವರ ನಿಲುವು.

ಎರಡೂ ಕಡೆಯವರು ಒಂದೇ ಅಜ್ಜಂದಿರನ್ನು ಸಾಕ್ಷಿಗೆ ಕರೆಯುತ್ತಿದ್ದರು. ಒಬ್ಬರಿಗೆ ಅಜ್ಜಂದಿರ ಬಯಕೆ ಮುಖ್ಯ. ಇನ್ನೊಬ್ಬರಿಗೆ ಅಜ್ಜಂದಿರ ರೂಢಿ ಮುಖ್ಯ. ಇದಕ್ಕೆ ಪುಸ್ತಕದಲ್ಲಿ ಉತ್ತರ ಸಿಗುವುದಿಲ್ಲ. ಆದರೂ ಪುಸ್ತಕದಲ್ಲೇ ಹುಡುಕಿದರು, ಯಾಕೆಂದರೆ ತೀರ್ಪು ಹೇಳುವ ಬಿಷಪ್ ಇರಲಿಲ್ಲ. ಬಿಷಪ್ ಬೇಕೋ ಬೇಡವೋ ಅನ್ನುವುದೇ ಜಗಳವಾಗಿದ್ದಾಗ ಬಿಷಪ್‌ನ ತೀರ್ಪು ಯಾರು ಕೇಳುತ್ತಾರೆ, ಹೇಳಿ?

ಕೊನೆಗೆ ಊರಿನ ಒಬ್ಬ ಹಿರಿಯರು ರುಮೇನಿಯಾಕ್ಕೆ ಹೋಗಿ 1983ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು ಬಂದರು. ಆಗ ರುಮೇನಿಯಾ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ಆಡಳಿತದಲ್ಲಿತ್ತು. ಅಪ್ಪಂದಿರು ಕಮ್ಯುನಿಸ್ಟರಿಂದ ತಪ್ಪಿಸಿಕೊಂಡು ಭೂಮಿ ಅರ್ಧ ಸುತ್ತಿದ್ದರು. ಮಗ ಅಮೆರಿಕದ ಪಾಸ್‌ಪೋರ್ಟ್ ಹಿಡಿದು ಕಮ್ಯುನಿಸ್ಟ್ ದೇಶಕ್ಕೆ ಹೋಗಿ ಪೂರ್ವಿಕರ ಪಾದ್ರಿಪದವಿ ತಂದರು. ಶೀತಲ ಸಮರದ ಯಾವ ನಕ್ಷೆಯಲ್ಲೂ ಈ ಪ್ರಯಾಣಕ್ಕೆ ಜಾಗವಿಲ್ಲ.

ಏನಾಯಿತು

ಊರಲ್ಲಿ ಬಣ್ಣಬಣ್ಣದ ಗುಮ್ಮಟದ ಹೊಸ ಚರ್ಚು ಎದ್ದಿತು. ಪಾದ್ರಿಯ ಕಡೆ ಸೇರಿದವರು ಅಲ್ಲಿ ಸೇರಿದರು. ಒಪ್ಪದವರಿಗೆ ಅವರು ಹೊರಗಿನವರಾದರು. ಜೊತೆಗೆ ಪ್ರಾರ್ಥನೆ ಇಲ್ಲ. ಕಟ್ಟುನಿಟ್ಟಿನ ಮನೆಗಳಲ್ಲಿ ಜೊತೆಗೆ ಊಟವೂ ಇಲ್ಲ. ಬಿರುಕು ಬೀದಿಯ ಮಧ್ಯೆ ಹೋಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅದು ಮನೆಗಳ ಒಳಗೆ ಹೋಯಿತು. ಅಪ್ಪ ಒಂದು ಕಡೆ, ಮಗ ಇನ್ನೊಂದು ಕಡೆ. ಅಕ್ಕ ಆ ಕಡೆ, ತಂಗಿ ಈ ಕಡೆ. ಐದು ಕುಟುಂಬದಿಂದ ಬೆಳೆದ ಊರು ಅಂತ ಆಗಲೇ ಹೇಳಿದೆನಲ್ಲ, ಎಲ್ಲರೂ ಎಲ್ಲರಿಗೂ ನಂಟರು.

ಇಲ್ಲೇ ಆ ತಟ್ಟೆಯ ಪ್ರಶ್ನೆ ಬಂದದ್ದು. 300 ವರ್ಷ ಈ ಜನರನ್ನು ಒಟ್ಟಿಗೆ ಇಟ್ಟದ್ದು ಆ ಬೇರೆ ತಟ್ಟೆ. ಚೀನಾದಲ್ಲಿ ಚೀನೀಯರಲ್ಲಿ ಕರಗದೆ, ಬ್ರೆಜಿಲ್‌ನಲ್ಲಿ ಬ್ರೆಜಿಲಿಯನ್ನರಲ್ಲಿ ಕರಗದೆ ಇದ್ದದ್ದಕ್ಕೆ ಅದೂ ಒಂದು ಕಾರಣ. ಹೊರಗಿನವನಿಗೆ ಅಂತ ಇಟ್ಟ ನಿಯಮಕ್ಕೆ ಹೊರಗಿನವನು ಯಾರು ಅಂತ ಗೊತ್ತಿರುವುದಿಲ್ಲ. ತೋರಿಸಿದವನ ಮೇಲೆ ಹೋಗಿ ಬೀಳುತ್ತದೆ. ಒಂದು ಬೆಳಿಗ್ಗೆ ಅದು ಒಳಗಿನವನ ಮೇಲೆ ಬಿತ್ತು.

ಆರೆಗಾನ್‌ನಲ್ಲೂ ಇದೇ ವಾದ ನಡೆಯಿತು, ಅಲ್ಲೂ ಪಾದ್ರಿಯವರು, ಪಾದ್ರಿ ಇಲ್ಲದವರು ಅಂತ ಬೇರೆಯಾದರು. ಆದರೆ ಅಲ್ಲಿ ಜನ ಜಾಸ್ತಿ, ಮನೆಗಳು ಹರಡಿಕೊಂಡಿದ್ದವು. ಉಸಿರಾಡಲು ಜಾಗವಿತ್ತು. ಚಿಕ್ಕ ಊರಿಗೆ ಆ ಅನುಕೂಲ ಇರುವುದಿಲ್ಲ.

ಪಾದ್ರಿ ಬೇಡ ಅಂದವರಲ್ಲಿ ಅನೇಕರು ಹಳೇ ಮದ್ದಿಗೇ ಕೈ ಹಾಕಿದರು. ಗಂಟುಮೂಟೆ ಕಟ್ಟಿದರು. ಕೆಲವರು ಆಂಕರೇಜ್ ನಗರದ ಉತ್ತರಕ್ಕೆ ಹೋದರು. ಇನ್ನು ಕೆಲವರು ಹೋಮರ್‌ನ ಪೂರ್ವಕ್ಕೆ, ರಸ್ತೆ ಮುಗಿಯುವ ತುದಿಯಲ್ಲಿ, ಕಚೆಮಾಕ್ ಕೊಲ್ಲಿಯ ತಲೆಭಾಗದಲ್ಲಿ ಹೊಸ ಹಳ್ಳಿಗಳನ್ನು ಕಟ್ಟಿದರು. ಅದರಲ್ಲಿ ಒಂದು ಕಡಿದಾದ ಬೆಟ್ಟದ ಬುಡದಲ್ಲಿದೆ. ತಿರುವುಗಳ ಮಣ್ಣುದಾರಿ ಇಳಿದು, ಕಡಲ ದಂಡೆ ಹಿಡಿದು ಹೋಗಬೇಕು. ಈ ಸಲದ ವಲಸೆ ಸೈಬೀರಿಯಾದಿಂದ ಮಂಚೂರಿಯಕ್ಕೆ ಹೋದ ಹಾಗಲ್ಲ. ಹಳೇ ಊರಿಂದ ಕೊಲ್ಲಿಯ ಹೊಸ ಊರುಗಳಿಗೆ ಪಿಕಪ್ ಟ್ರಕ್ಕಿನಲ್ಲಿ ಒಂದೆರಡು ಗಂಟೆಯೊಳಗೆ ಮುಟ್ಟುವಷ್ಟು ದೂರ. ಮುಂದೆ ಹೋಗಲು ಕಾಡು ಉಳಿದಿರಲಿಲ್ಲ ಅಂತಲ್ಲ. ಪರವಾನಗಿ, ದೋಣಿ, ಬಂದರು ಎಲ್ಲ ಇದ್ದದ್ದು ಇಲ್ಲೇ. ಮೀನು ಬಿಟ್ಟು ಹೋಗುವಂತಿರಲಿಲ್ಲ.

ಈ ಪ್ರಕರಣವನ್ನು ಹೇಗೆ ಓದುವುದು

ವಲಸಿಗರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದೇ ಗೆರೆ ಎಳೆಯುತ್ತಾರೆ. ಮೊದಲ ತಲೆಮಾರು ಹಳೆಯದನ್ನು ಹಿಡಿದುಕೊಳ್ಳುತ್ತದೆ, ಎರಡನೆಯದು ತೂಗಾಡುತ್ತದೆ, ಮೂರನೆಯದು ಕರಗಿಹೋಗುತ್ತದೆ ಅಂತ. ಈ ಊರಿನಲ್ಲಿ ಆ ಗೆರೆ ನೆಟ್ಟಗೆ ಹೋಗುವುದಿಲ್ಲ. ಊರು ಒಡೆದದ್ದು ಅಮೆರಿಕದ ಗಾಳಿ ಹೊಡೆದ ಪಡ್ಡೆ ಹುಡುಗರಿಂದ ಅಲ್ಲ. ಧರ್ಮವನ್ನು ತೀರಾ ಮನಸ್ಸಿಗೆ ಹಚ್ಚಿಕೊಂಡವರಿಂದ. ಟಿವಿಗೆ ಹೆದರಿ ಆರೆಗಾನ್ ಬಿಟ್ಟವರಿಗೆ ಅಪಾಯ ಬಂದದ್ದು ಪುಸ್ತಕದ ಕಪಾಟಿನಿಂದ.

ಅಮೆರಿಕದ ಪಾಲು ಏನೂ ಇರಲಿಲ್ಲವೇ? ಇತ್ತು. ನನ್ನ ಪ್ರಕಾರ ಪಾಸ್‌ಪೋರ್ಟಿನಲ್ಲಿತ್ತು, ಮೀನಿನ ದುಡ್ಡಿನಲ್ಲಿತ್ತು. ಹಿಂಸೆ ಇರುವವರೆಗೂ ಪಾದ್ರಿ ಬೇಕೋ ಬೇಡವೋ ಅನ್ನುವುದು ಮಲಗಿದ್ದ ಪ್ರಶ್ನೆ. ಬೇಕು ಅಂದರೂ ತರುವವರಾರು? ಆಯ್ಕೆಯೇ ಇಲ್ಲದ ಕಡೆ ಜಗಳವೂ ಇಲ್ಲ. 1975ರಲ್ಲಿ ಶಾಲೆಯ ಆ ಕೋಣೆಯಲ್ಲಿ ಪ್ರಮಾಣಪತ್ರ ತಗೊಂಡವರು ಇದನ್ನು ಊಹಿಸಿರಲಾರರು. ದೋಣಿ ನೋಂದಾಯಿಸಲು ಅಂತ ಪಡೆದ ಪೌರತ್ವವೇ ಎಂಟು ವರ್ಷದ ಮೇಲೆ ರುಮೇನಿಯಾಕ್ಕೆ ದಾರಿಯಾಯಿತು.

ಇನ್ನೊಂದು ಸಂಗತಿ ಸುಲಭವಾಗಿ ಕಣ್ಣು ತಪ್ಪುತ್ತದೆ. 1971ರಲ್ಲಿ ಮಾಸ್ಕೋದ ಚರ್ಚು 1667ರ ಶಾಪವನ್ನು ಅಧಿಕೃತವಾಗಿ ಹಿಂದಕ್ಕೆ ತಗೊಂಡಿತು. ಎರಡು ಬೆರಳೂ ಸರಿ, ಮೂರು ಬೆರಳೂ ಸರಿ ಅಂತ ಒಪ್ಪಿಕೊಂಡಿತು. 300 ವರ್ಷದ ಜಗಳಕ್ಕೆ ಒಂದು ಕಡೆಯವರು ಸೋತೆವು ಅಂದ ಹಾಗೆ. ಆ ಗೆಲುವಿನಿಂದ ಈ ಊರಿನ ಬದುಕಿನಲ್ಲಿ ಏನೂ ಬದಲಾಗಲಿಲ್ಲ. ಅಷ್ಟು ಹೊತ್ತಿಗೆ ದೂರದ ಶತ್ರುವಿನ ಮಾತಿಗಿಂತ ಪಕ್ಕದ ಮನೆಯವನ ಮಾತು ತೂಕದ್ದಾಗಿತ್ತು.

ಊರು ಒಡೆದದ್ದನ್ನು ಬರೀ ನಷ್ಟ ಅಂತ ಬರೆಯಲು ನನಗೆ ಮನಸ್ಸಿಲ್ಲ. ಕೊಲ್ಲಿಯ ತುದಿಗೆ ಹೋದವರು ಬಿಗಿಯಾಗಿ ಉಳಿದರು. ಅಲ್ಲಿನ ಮಕ್ಕಳ ಬಾಯಲ್ಲಿ ರಷ್ಯನ್ ಜಾಸ್ತಿ ಕಾಲ ನಿಂತಿತು. ಹಳೇ ಊರು ಹೊರಗಿನವರಿಗೆ ಸ್ವಲ್ಪ ಬಾಗಿಲು ತೆರೆಯಿತು. ಪ್ರವಾಸಿಗರು ಬಂದು ಚರ್ಚಿನ ಫೋಟೊ ತೆಗೆಯುತ್ತಾರೆ. ಒಂದೇ ಊರಾಗಿ ಉಳಿದಿದ್ದರೆ ಎರಡೂ ಆಗುತ್ತಿರಲಿಲ್ಲವೇನೋ. ಆದರೆ ಇದು ದೂರದಿಂದ ನೋಡುವವರ ಲೆಕ್ಕ. ಮಗನ ಮನೆಯಲ್ಲಿ ಉಣ್ಣಲಾಗದ ತಾಯಿಯ ಲೆಕ್ಕ ಬೇರೆ ಇರುತ್ತದೆ.

ಬೇರೆ ದಾರಿ ಇತ್ತೇ ಅಂತ ಯೋಚಿಸಿದ್ದೇನೆ. ಎರಡು ಪ್ರಾರ್ಥನಾ ಮನೆ, ಒಂದೇ ಊರು, ಊಟಕ್ಕೆ ಮಾತ್ರ ರಾಜಿ. ಹೇಳುವುದು ಸುಲಭ. ಊಟದಲ್ಲಿ ರಾಜಿ ಮಾಡಿಕೊಂಡಿದ್ದರೆ ಅವರು ಅಲಾಸ್ಕಾದವರೆಗೆ ಬರುತ್ತಲೇ ಇರಲಿಲ್ಲ, ಸೈಬೀರಿಯಾದಲ್ಲೇ ಮೂರು ಬೆರಳು ಜೋಡಿಸಿ ಸುಖವಾಗಿರುತ್ತಿದ್ದರು.

ಬೇಸಿಗೆಯಲ್ಲಿ ಹೋಮರ್ ಬಂದರಿನ ಕಟ್ಟೆಗೆ ಎರಡೂ ಕಡೆಯವರ ದೋಣಿಗಳು ಬಂದು ನಿಲ್ಲುತ್ತವೆ. ಬಹಳಷ್ಟು ಒಂದೇ ಅಳತೆಯವು, ಒಂದೇ ಕೈಚಳಕದವು. ಕುಕ್ ಇನ್ಲೆಟ್ ಎಂಬ ಕೊಲ್ಲಿಯ ನೀರು ಒಂದೇ, ಸರ್ಕಾರ ಬಲೆಗೆ ಬಿಟ್ಟ ಗಂಟೆಗಳೂ ಒಂದೇ. ಎಂಜಿನ್ ಕೆಟ್ಟರೆ ರಷ್ಯನ್‌ನಲ್ಲೇ ಕೂಗಿ ಕರೆಯುತ್ತಾರೆ, ಪಕ್ಕದ ದೋಣಿಯವನು ಹಾರಿ ಬರುತ್ತಾನೆ. ಗ್ರೀಸ್ ಮೆತ್ತಿದ ಕೈಯಲ್ಲಿ ಇಬ್ಬರೂ ಒಂದೇ ಸ್ಪ್ಯಾನರ್ ಹಿಡಿಯುತ್ತಾರೆ. ಊಟದ ಹೊತ್ತಾದಾಗ ಅವನು ಕೈ ಒರೆಸಿಕೊಂಡು ತನ್ನ ದೋಣಿಗೆ ಹೋಗುತ್ತಾನೆ.